ಟೈಲರ್ ಕತ್ತರಿಸಿದ ಇಪ್ಪತ್ತನಾಲ್ಕು ಮಾತು

ಮುದುಕನಿಗೆ ಮರೆವು ಬಂದಿದೆ, ಹೇಳಿದ್ದನ್ನೇ ಹೇಳುತ್ತಾನೆ ಎಂದು ಮೊನ್ನೆ ಯಾರೋ ಆಡಿಕೊಂಡರಂತೆ. ಆಡಿಕೊಂಡವರು ಇದನ್ನೂ ಕೇಳಿಸಿಕೊಳ್ಳಿ. ನನ್ನ ಹಲ್ಲು ಹೋಗಿದೆ, ನೆನಪು ಹೋಗಿಲ್ಲ. ನಿನ್ನೆ ಬೆಳಿಗ್ಗೆ ಏನು ತಿಂದಿರಿ ಎಂದರೆ ತಲೆ ಕೆರೆದುಕೊಳ್ಳುವವರು ನೀವು. ಆ ಗುರುವಾರ ಟೈಲರ್‌ನ ಮೇಜಿನ ಮೇಲೆ ಏನೇನಿತ್ತು ಎಂದು ನಾನು ಈಗಲೂ ಸಾಲಾಗಿ ಹೇಳಬಲ್ಲೆ. ಹೇಗೆ ಗೊತ್ತು ಎಂದರೆ, ಟೈಲರೇ ಹೇಳಿದ್ದು. ಒಂದು ಸಲವಲ್ಲ, ಐದು ಸಲ. ಐದು ಸಲವೂ ಒಂದೇ ಥರ ಹೇಳಿದ, ಐದು ಸಲವೂ ಅದೇ ಜಾಗಕ್ಕೆ ಬಂದಾಗ ಉಗುಳು ನುಂಗಿದ. ಸುಳ್ಳಿಗೆ ಅಷ್ಟು ಅಚ್ಚುಕಟ್ಟು ಬರುವುದಿಲ್ಲ. ಮಧ್ಯೆ ಬಾಯಿ ಹಾಕದೆ ಕೇಳಿ.

ಟೈಲರ್ ಎಂದರೆ ಅಂಥಿಂಥ ಟೈಲರ್ ಅಲ್ಲ. ಗಿರಾಕಿ ಮೆಟ್ಟಿಲು ಹತ್ತುವುದನ್ನು ನೋಡಿಯೇ ಎಡ ಭುಜ ಅರ್ಧ ಇಂಚು ಇಳಿದಿದೆ ಎಂದುಬಿಡುತ್ತಿದ್ದ. ಮೂವತ್ತೈದು ವರ್ಷ ಒಂದೇ ಕತ್ತರಿ ಹಿಡಿದ ಕೈ. ಮುಂದಿನ ಕೋಣೆ ಅಂಗಡಿ, ನಡುವೆ ಒಂದು ಪರದೆ, ಪರದೆಯ ಆಚೆ ಮನೆ. ಇವನು ಹೊಲಿಗೆ ಯಂತ್ರದ ಮೇಲೆ ಕೂತರೆ ಗುಡುಗು ಬಂದರೂ ಕಿವಿಗೆ ಬೀಳುತ್ತಿರಲಿಲ್ಲ. ಹಾಗಾಗಿ ಒಳಗಿನಿಂದ ಹೆಂಡತಿ ಏನು ಹೇಳುವುದಿದ್ದರೂ ಮೊದಲು ಗಟ್ಟಿಯಾಗಿ "ಕೇಳಿಸ್ತಾ?" ಎನ್ನುತ್ತಿದ್ದಳು. ಗಂಡನನ್ನು ಅವಳು ಕರೆಯುತ್ತಿದ್ದುದೇ ಹಾಗೆ. ಕೇಳಿಸ್ತಾ, ಊಟ ಆರ್ತಿದೆ. ಕೇಳಿಸ್ತಾ, ಹಾಲಿನವನು ನಿಂತಿದಾನೆ. ಯಂತ್ರ ನಿಲ್ಲುತ್ತಿತ್ತು, ಇವನು ಕತ್ತು ತಿರುಗಿಸುತ್ತಿದ್ದ. ಮೂವತ್ತೊಂದು ವರ್ಷದ ಸಂಸಾರ ಆ ಒಂದು ಮಾತಿನ ಮೇಲೆ ನಡೆದಿತ್ತು.

ಆ ಗಂಟಲಿಗೇ ಕಾಯಿಲೆ ಬಂತು. ಒಂದು ವರ್ಷ ದನಿ ಒರಟಾಯಿತು, ಆಮೇಲೆ ಡಾಕ್ಟರು ಕೂರಿಸಿಕೊಂಡು ನೇರವಾಗಿ ಹೇಳಿದರು: ಧ್ವನಿಪೆಟ್ಟಿಗೆ ತೆಗೆಯಬೇಕು. ಜೀವ ಉಳಿಯುತ್ತೆ, ದನಿ ಉಳಿಯಲ್ಲ.

ಆಪರೇಷನ್ನಿಗೆ ಎರಡು ದಿನ ಮುಂಚೆ ಆಸ್ಪತ್ರೆಯಲ್ಲಿ ಮಾತು ಕಲಿಸುವ ಹೆಂಗಸೊಬ್ಬಳು, ಎಲ್ಲರೂ ಅವಳನ್ನು ಮಾತಿನ ಟೀಚರ್ ಎನ್ನುತ್ತಾರೆ, ಇವನ ಹೆಂಡತಿಯನ್ನು ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ ನಲವತ್ತು ನಿಮಿಷ ಮಾತಾಡಿಸಿ ರೆಕಾರ್ಡ್ ಮಾಡಿಕೊಂಡಳು. ಪುಸ್ತಕದಷ್ಟು ದೊಡ್ಡದೊಂದು ಪೆಟ್ಟಿಗೆ ಬರುತ್ತದಂತೆ. ಅದರಲ್ಲಿ ಇಪ್ಪತ್ತನಾಲ್ಕು ಗುಂಡಿ. ಒಂದೊಂದು ಗುಂಡಿಗೆ ಒಂದೊಂದು ಮಾತು ತುಂಬಿಸಿದರೆ, ಒತ್ತಿದಾಗ ಅವಳದೇ ದನಿಯಲ್ಲಿ ಹೇಳುತ್ತದೆ. ಬೇಕು, ಬೇಡ, ನೀರು, ನೋವಾಗ್ತಿದೆ, ಯಾರು ಬಂದ್ರು, ಹೀಗೆ. ನಲವತ್ತು ನಿಮಿಷದಿಂದ ಇಪ್ಪತ್ತನಾಲ್ಕು ಮಾತು ಆರಿಸಿ ಬೇರೆ ಮಾಡುವ ಕೆಲಸ ಮನೆಯವರದು. ಯಾವ ಹೆಂಗಸು ದಿನಕ್ಕೆ ಏನು ಮಾತಾಡುತ್ತಾಳೆ ಎಂಬುದು ಆಸ್ಪತ್ರೆಗೆ ಹೇಗೆ ಗೊತ್ತಾಗಬೇಕು?

"ಇದೊಂದೇ ಇರೋದು," ಎಂದು ಟೀಚರ್ ಒಂದು ಪೆನ್‌ಡ್ರೈವ್ ಅವನ ಕೈಗಿಟ್ಟಳು. "ರೋಗಿಗಳ ದನಿ ನಮ್ಮ ಕಂಪ್ಯೂಟರಲ್ಲಿ ಇಟ್ಕೊಳ್ಳೋ ಹಾಗಿಲ್ಲ. ನಿಮಗೆ ಕೊಟ್ಟು ಅಳಿಸಿಬಿಡ್ತೀವಿ. ಜೋಪಾನ."

ಬೇರೆಲ್ಲೂ ಇರಲಿಲ್ಲವೇ ಎಂದು ಕೇಳುತ್ತೀರಿ, ಗೊತ್ತು. ಇರಲಿಲ್ಲ. ಫೋನಿನಲ್ಲಿ ದನಿ ತುಂಬಿಸಿ ಕಳಿಸುವ ಅಭ್ಯಾಸ ಅವಳದಲ್ಲ, ಕರೆ ಮಾಡಿ ಮಾತಾಡಿ ಇಡುವವಳು. ಮಗಳ ಮದುವೆಯ ವಿಡಿಯೋ ಒಂದಿದೆ. ಅದರ ತುಂಬ ಹಾಡು ಹಾಕಿ ಮಾತನ್ನೆಲ್ಲ ಮುಚ್ಚಿದ್ದಾರೆ. ಅವಳ ಬಾಯಿ ಆಡುವುದು ಮಾತ್ರ ಕಾಣುತ್ತದೆ.

ಟೀಚರ್ ಅರ್ಧ ಗಂಟೆ ಅವನಿಗೆ ಪಾಠ ಮಾಡಿದಳು. ಕಂಪ್ಯೂಟರಿನ ಪರದೆಯ ಮೇಲೆ ದನಿ ಎನ್ನುವುದು ಅಡ್ಡಕ್ಕೆ ಹಾಸಿದ ಪಟ್ಟಿಯ ಹಾಗೆ ಕಾಣುತ್ತಿತ್ತು. ಮಾತು ಇದ್ದಲ್ಲಿ ಉಬ್ಬು, ಸುಮ್ಮನಿದ್ದಲ್ಲಿ ಸಪಾಟು.

"ಮೌಸ್ ಒತ್ತಿ ಹಿಡ್ಕೊಂಡು ಇಲ್ಲಿಂದ ಇಲ್ಲಿಗೆ ಎಳೀರಿ ಸರ್. ನೀಲಿ ಆಯ್ತಾ? ಅಷ್ಟು ಭಾಗ ಈಗ ನಿಮ್ಮ ಹಿಡಿತದಲ್ಲಿದೆ. ಡಿಲೀಟ್ ಒತ್ತಿದ್ರೆ ಅದು ಕಸಕ್ಕೆ ಹೋಗುತ್ತೆ, ಎರಡೂ ಕಡೆಯದು ಬಂದು ಕೂಡ್ಕೊಳ್ಳುತ್ತೆ. ಕಟ್ ಒತ್ತಿದ್ರೆ ಇಲ್ಲಿಂದ ಹೋಗುತ್ತೆ, ಆದ್ರೆ ಕೈಯಲ್ಲಿರುತ್ತೆ. ಬೇರೆ ಕಡೆ ಹೋಗಿ ಪೇಸ್ಟ್ ಒತ್ತಿದ್ರೆ ಅಲ್ಲಿ ಅಂಟ್ಕೊಳ್ಳುತ್ತೆ. ಕಾಪಿ ಅಂದ್ರೆ ಇಲ್ಲೂ ಇರುತ್ತೆ, ಕೈಯಲ್ಲೂ ಇರುತ್ತೆ. ನೀವು ಕಾಪಿನೇ ಮಾಡಿ, ಅದು ಕ್ಷೇಮ."

"ಅರ್ಥ ಆಯ್ತು ಮೇಡಂ," ಎಂದ ಟೈಲರ್. "ನಾನು ಹುಟ್ಟಿದಾಗಿಂದ ಮಾಡ್ತಿರೋದು ಇದನ್ನೇ ಅಲ್ವಾ."

ಅಲ್ಲಿಯೇ ಎಡವಿದ್ದು. ಏನೂ ಗೊತ್ತಿಲ್ಲದವನಾಗಿದ್ದರೆ ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದ. ಇವನಿಗೆ ಕತ್ತರಿಸುವ ವಿದ್ಯೆ ರಕ್ತದಲ್ಲೇ ಇತ್ತಲ್ಲ. ಬಟ್ಟೆಯನ್ನು ಯಾರಾದರೂ ಕಾಪಿ ಮಾಡುತ್ತಾರೆಯೇ? ಕತ್ತರಿಸಿದ್ದು ಮೇಜಿನ ಮೇಲೆ ಇರುತ್ತದೆ, ಉಳಿದದ್ದು ಚಿಂದಿ. ಯಾವುದು ಆಯಿತು ಯಾವುದು ಬಾಕಿ ಎಂದು ಕಣ್ಣಿಗೆ ಕಾಣುತ್ತದೆ. ಕಾಪಿ ಮಾಡಿದರೆ ಆದದ್ದೂ ಅಲ್ಲೇ, ಆಗದ್ದೂ ಅಲ್ಲೇ, ಎಲ್ಲ ಕಲಸುಮೇಲೋಗರ. ಹಾಗೆಂದು ಅವನು ಮನಸ್ಸಿನಲ್ಲೇ ಟೀಚರಮ್ಮನ ಬುದ್ಧಿಮಾತಿಗೆ ಒಂದು ಪಿನ್ನು ಚುಚ್ಚಿ ಪಕ್ಕಕ್ಕಿಟ್ಟ.

ಆಪರೇಷನ್ ಆಯಿತು. ಎರಡು ವಾರ ಕಳೆದು ಹೆಂಡತಿ ಮನೆಗೆ ಬಂದಳು. ಕತ್ತಿನ ಬುಡದಲ್ಲಿ ಉಸಿರಾಡಲು ಒಂದು ರಂಧ್ರ. ಅದರ ಮುಂದೆ ಇಳಿಬಿಡಲು ತೆಳ್ಳನೆಯ ಹತ್ತಿ ಬಟ್ಟೆಯಲ್ಲಿ ಟೈಲರೇ ಹನ್ನೆರಡು ಕೊರಳವಸ್ತ್ರ ಹೊಲಿದಿದ್ದ. ಕೈಯಲ್ಲಿ ಒಂದು ಸ್ಲೇಟು. ನೋಡಿಕೊಳ್ಳಲು ಅವಳ ಅಕ್ಕ ಬಂದು ಕೂತಿದ್ದಳು. ಲ್ಯಾಪ್‌ಟಾಪೂ ಆ ಅಕ್ಕನದೇ, ಹಳೆಯದು. ವೈರು ಚುಚ್ಚಿದ್ದರೆ ನಡೆಯುತ್ತಿತ್ತು, ಕಿತ್ತರೆ ಒಂದೂವರೆ ಎರಡು ಗಂಟೆಯಲ್ಲಿ ಕಣ್ಣು ಮುಚ್ಚುತ್ತಿತ್ತು. ಪೆಟ್ಟಿಗೆ ಸೋಮವಾರ ಬರುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದರು.

ಮಂಗಳವಾರ ಟೈಲರ್ ಚಿಂದಿ ತೆಗೆದ. ಅವಳ ಕೆಮ್ಮು, ಟೀಚರ್ ಕೇಳಿದ ಪ್ರಶ್ನೆ, ನಡುನಡುವೆ ಇವನನ್ನು ಕರೆದು "ಕೇಳಿಸ್ತಾ, ಆ ಫ್ಯಾನ್ ಆಫ್ ಮಾಡಿ" ಎಂದು ಗದರಿದ್ದು, ಎಲ್ಲವನ್ನೂ ನೀಲಿ ಮಾಡಿ ಡಿಲೀಟ್. ನಲವತ್ತು ನಿಮಿಷ ಹನ್ನೊಂದು ನಿಮಿಷವಾಯಿತು. ಸೇವ್ ಮಾಡಿ ಮುಚ್ಚಿಟ್ಟ. ಟೇಪು ಹಿಡಿದು ಅಳೆದ ಹಾಗಿತ್ತು ಕೆಲಸ. ಅವನಿಗೆ ಹೆಮ್ಮೆ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಕತ್ತರಿಸಲು ಕೂತ. ಮೇಜಿನ ಮೇಲೆ ದೊಡ್ಡ ಕತ್ತರಿ, ಸವೆದ ಸೀಮೆಸುಣ್ಣ, ಕೊರಳಿಗೆ ಹಾಕುವ ಟೇಪು, ಯಾರದೋ ಪ್ಯಾಂಟು, ಪೆನ್‌ಡ್ರೈವ್ ಚುಚ್ಚಿದ ಅಕ್ಕನ ಲ್ಯಾಪ್‌ಟಾಪು. ಪಕ್ಕದಲ್ಲಿ ಅವನೇ ಬರೆದ ಪಟ್ಟಿ. ಟೈಲರ್‌ಗಳಲ್ಲಿ ಒಂದು ಕ್ರಮವಿದೆ: ಕೈ ಚುರುಕಾಗಿರುವಾಗ ಮುಂಭಾಗ ಕತ್ತರಿಸುವುದು, ಎದೆಯ ತುಂಡು, ಎಲ್ಲರ ಕಣ್ಣು ಬೀಳುವುದು. ತೋಳು, ಕಾಲರು, ಜೇಬು ಆಮೇಲೆ. ಪಟ್ಟಿಯ ತಲೆಯಲ್ಲಿ ಅವನು ನಾಲ್ಕು ಬರೆದಿದ್ದ. ಒಂದು, ಕೇಳಿಸ್ತಾ. ಎರಡು, ಮಗಳನ್ನು ಕರೆಯುವ "ಪುಟ್ಟಕ್ಕಾ ಬಾರೇ". ಮೂರು, "ಹೋಗ್ರೀ ಅತ್ಲಾಗೆ". ನಾಲ್ಕು, ನಗು. ರೆಕಾರ್ಡಿನ ಮಧ್ಯೆ ಅವಳು ಒಮ್ಮೆ ತಡೆಯಲಾರದೆ ನಕ್ಕಿದ್ದಳು, ಮೂಗಿನಲ್ಲಿ ಶುರುವಾಗಿ ಹೊಟ್ಟೆಯಲ್ಲಿ ಮುಗಿಯುವ ನಗು. ಅದಕ್ಕೊಂದು ಗುಂಡಿ ಇರಲೇಬೇಕು ಎಂದು ಅವಳೇ ಸ್ಲೇಟಿನಲ್ಲಿ ಬರೆದಿದ್ದಳು.

ಕಟ್. ಪಟ್ಟಿಯಲ್ಲಿ ಒಂದು ಗೀಟು. ಮುಂದಿನದು ನೀಲಿ, ಕಟ್, ಗೀಟು. ಮತ್ತೆ ಕಟ್. ಎಲ್ಲ ಕಟಿಂಗ್ ಮುಗಿಸಿಕೊಂಡು ಆಮೇಲೆ ಹೊಲಿಗೆಗೆ ಕೂರುವುದು ಅವನ ಪದ್ಧತಿ. ಒಂದು ತೋಳು ಕತ್ತರಿಸಿ ಅದನ್ನು ಹೊಲಿದು, ಮತ್ತೆ ಎದ್ದು ಇನ್ನೊಂದು ತೋಳು ಕತ್ತರಿಸುವವನನ್ನು ಟೈಲರ್ ಎನ್ನುತ್ತಾರೆಯೇ?

ಹನ್ನೊಂದಕ್ಕೆ ಕರೆಂಟ್ ಹೋಯಿತು. ಅವನು ಲೆಕ್ಕಿಸಲಿಲ್ಲ. ಹನ್ನೆರಡರ ಹೊತ್ತಿಗೆ ಇಪ್ಪತ್ತನಾಲ್ಕನೆಯದು ಬಂತು, "ಸಾಕು" ಎನ್ನುವ ಮಾತು. ಕಟ್. ಆಗಾಗ ಸೇವ್ ಮಾಡಿ ಎಂದು ಟೀಚರ್ ಹೇಳಿದ್ದು ನೆನಪಾಗಿ ಸೇವ್ ಒತ್ತಿದ. ಹೊಸ ಪುಟ ತೆರೆದು ಪೇಸ್ಟ್ ಒತ್ತಿದ. ಒಂದು ಉಬ್ಬು ಬಂದು ಕೂತಿತು. ಆಡಿಸಿ ನೋಡಿದ.

"ಸಾಕು."

ಸರಿ, ಮೇಲಿರುವ ತುಂಡು ಮೊದಲು ಬಂದಿದೆ ಎಂದುಕೊಂಡ. ಕೆಳಗಿನದಕ್ಕಾಗಿ ಮತ್ತೆ ಪೇಸ್ಟ್.

"ಸಾಕು. ಸಾಕು."

ಮತ್ತೆ ಒತ್ತಿದ. ಮತ್ತೆ. ಬೆರಳು ತಾನಾಗಿಯೇ ಒತ್ತುತ್ತಿತ್ತು. ಇಪ್ಪತ್ತನಾಲ್ಕು ಸಲ ಒತ್ತಿ ಆಡಿಸಿದ. ಕತ್ತಲೆ ಕೋಣೆಯಲ್ಲಿ ಅವಳ ದನಿ ಒಂದೇ ಸಮನೆ ಸಾಕು, ಸಾಕು, ಸಾಕು ಎಂದಿತು. ನಿಲ್ಲಿಸುವ ಗುಂಡಿ ಯಾವುದೆಂದು ಕಣ್ಣಿಗೆ ಹೊಳೆಯಲಿಲ್ಲ. ಎರಡೂ ಕೈಯಿಂದ ಸ್ಪೀಕರಿನ ತೂತುಗಳನ್ನು ಮುಚ್ಚಿದ. ಅಳುವ ಕೂಸಿನ ಬಾಯಿ ಮುಚ್ಚಿದ ಹಾಗೆ.

ಒಳಗಿನಿಂದ ಅಕ್ಕ ಕೂಗಿದಳು. "ಟೈಲರ್ ಸಾಹೇಬ್ರೇ, ಏನದು? ಒಂದೇ ಮಾತು ಎಷ್ಟು ಸಲ ಕೇಳ್ತೀರಿ?"

"ಏನಿಲ್ಲ ಅಕ್ಕಾ. ಪರೀಕ್ಷೆ ಮಾಡ್ತಿದೀನಿ."

"ಮೂವತ್ತೊಂದು ವರ್ಷ ಅವಳು ಸಾಕು ಸಾಕು ಅಂದಾಗ ಕೇಳ್ಲಿಲ್ಲ. ಈಗ ಕೇಳ್ತಿದೀರಲ್ಲ, ಪುಣ್ಯ."

ಟೈಲರ್ ಮೊದಲ ಕಡತಕ್ಕೆ ಹಿಂದಿರುಗಿ ನೋಡಿದ. ಅಲ್ಲಿ ಚಿಂದಿ ಮಾತ್ರ. ಅರ್ಧ ಉಸಿರು, ಮಾತಿನ ಬಾಲ, ಸಪಾಟು ಗೆರೆ. ಮಾತುಗಳೆಲ್ಲ ಎಲ್ಲಿ? ಅವನು ನಿಜವಾಗಿಯೂ ಮೇಜಿನ ಕೆಳಗೆ ಬಗ್ಗಿ ನೋಡಿದ. ನಗಬೇಡಿ. ಮೂವತ್ತೈದು ವರ್ಷ ಕಳೆದುಹೋದ ತುಂಡೆಲ್ಲ ಮೇಜಿನ ಕೆಳಗೇ ಸಿಕ್ಕಿತ್ತು ಅವನಿಗೆ.

ಎದೆ ಧಸಕ್ಕೆಂದದ್ದು ಆಗ. ಹೆಂಡತಿಯ ಗಂಟಲನ್ನು ಡಾಕ್ಟರು ಕತ್ತರಿಸಿದ್ದರು, ಜೀವ ಉಳಿಸಲು. ಅದರಿಂದ ಉಳಿದು ಬಂದದ್ದನ್ನು ಇವನು ಕತ್ತರಿಸಿ ಎಲ್ಲಿಗೋ ಎಸೆದಿದ್ದ. ಇನ್ನು ಅವಳ ದನಿ ಎಂದರೆ ಲೋಕದಲ್ಲಿ ಉಳಿದಿರುವುದು ಆ ಒಂದೇ ಮಾತು.

ಫೋನ್ ತೆಗೆದು ಆಸ್ಪತ್ರೆಗೆ ಮಾಡಿದ. "ಮಾತಿನ ಮೇಡಂ ರೋಗಿ ನೋಡ್ತಿದಾರೆ. ಆಮೇಲೆ ಅವರೇ ಮಾಡ್ತಾರೆ," ಎಂದು ಯಾರೋ ಇಟ್ಟರು. ಆಮೇಲೆ ಎಂದರೆ ಎಷ್ಟು ಹೊತ್ತು? ಪರದೆಯ ಮೂಲೆಯಲ್ಲಿ ಬ್ಯಾಟರಿಯ ಅಂಕಿ ಮೂವತ್ತೊಂದು ಎಂದಿತ್ತು. ನೋಡುತ್ತಿದ್ದಂತೆಯೇ ಮೂವತ್ತಾಯಿತು. ಏನನ್ನೂ ಮುಟ್ಟದೆ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಐದು ನಿಮಿಷ ಹಾಗೆ ಕೂತದ್ದಕ್ಕೆ ಪರದೆ ತಾನೇ ಕಪ್ಪಾಯಿತು. ಹಾವನ್ನು ಮುಟ್ಟುವವನ ಹಾಗೆ ಒಂದು ಬೆರಳು ತಾಗಿಸಿದ, ಬೆಳಕು ಬಂತು. ಇಪ್ಪತ್ತಾರು. ಆಮೇಲೆ ನಿಮಿಷಕ್ಕೊಂದು ಸಲ ಬೆರಳು ತಾಗಿಸುತ್ತ ಕೂತ. ರೋಗಿಯ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾರಲ್ಲ, ಹಾಗೆ.

ಅಷ್ಟರಲ್ಲಿ ಪ್ಯಾಂಟಿನ ಒಡೆಯ ಬಂದ, ಎದುರು ಸಾಲಿನ ಕ್ಷೌರಿಕ. "ಏನಣ್ಣ, ಕತ್ತಲೇಲಿ ಕೂತಿದೀಯ? ನನ್ನ ಪ್ಯಾಂಟು ಆಯ್ತಾ?" ಎನ್ನುತ್ತ, ತನ್ನ ಚೀಲ ಇಡಲು ಜಾಗ ಸಾಲದೆ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಕೈ ಹಾಕಿದ.

"ಮುಚ್ಚಬೇಡ," ಎಂದ ಟೈಲರ್. ಗಟ್ಟಿಯಾಗಿ ಹೇಳಲಿಲ್ಲ. ದನಿ ಹೊರಟದ್ದೇ ಅಷ್ಟು. ಆದರೆ ಅವನ ಮುಖದಲ್ಲಿ ಏನಿತ್ತೋ, ಕ್ಷೌರಿಕ ಕೆಂಡ ಮುಟ್ಟಿದವನ ಹಾಗೆ ಕೈ ಹಿಂದೆಗೆದ.

"ಸುಡುತ್ತಾ?"

"ನಾಳೆ ಬಾ. ಪ್ಯಾಂಟು ನಾಳೆ."

"ಇವತ್ತು ಸಂಜೆ ನನ್ನ ಭಾಮೈದನ ಮನೆಗೆ ಏನು ಉಟ್ಕೊಂಡು ಹೋಗ್ಲಿ ಹಾಗಾದ್ರೆ? ನಿನ್ನ ಟೇಪು ಸುತ್ಕೊಂಡು ಹೋಗ್ಲಾ?" ಎಂದು ಅವನು ಗೊಣಗುತ್ತ ಹೋದ.

ನಡುವಿನ ಪರದೆಯ ಆಚೆಯಿಂದ ಲೋಟ ಮಂಚಕ್ಕೆ ಬಡಿಯುವ ಸದ್ದು ಬಂತು, ಟಣ್ ಟಣ್. ಅವಳು ಈಗ ಕರೆಯುತ್ತಿದ್ದುದು ಹಾಗೆ. ಟೈಲರ್ ಏಳಲಿಲ್ಲ. ಎದ್ದರೆ ಬೆರಳು ತಾಗಿಸುವವರು ಯಾರು? ಎದ್ದು ಹೋದರೆ ಮುಖ ತೋರಿಸಬೇಕು, ಮುಖ ತೋರಿಸಿದರೆ ಅವಳು ಓದಿಬಿಡುತ್ತಾಳೆ. ಟಣ್ ಟಣ್ ಎಂದು ಇನ್ನೊಮ್ಮೆ ಆಯಿತು. "ಬರ್ತಾರೆ ಇರೇ, ಯಾವುದೋ ಘನಕಾರ್ಯ ನಡೀತಿದೆ," ಎಂದ ಅಕ್ಕನ ದನಿ ಕೇಳಿಸಿತು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಸ್ಥಿತಿ ಅವನದು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಬ್ಯಾಟರಿ ಹದಿನಾಲ್ಕಕ್ಕೆ ಇಳಿದಾಗ ಫೋನ್ ಹೊಡೆದುಕೊಂಡಿತು.

"ಹೇಳಿ ಸರ್. ಹೇಗಿದಾರೆ ಮನೆಯವರು?"

"ಮೇಡಂ, ಎಲ್ಲ ಹೋಯ್ತು." ಪಿಸುಗುಟ್ಟಿದ. "ಇಪ್ಪತ್ತನಾಲ್ಕೂ ಕಟ್ ಮಾಡಿಟ್ಟೆ. ಪೇಸ್ಟ್ ಮಾಡಿದ್ರೆ ಒಂದೇ ಬರ್ತಿದೆ."

"ಒಂದೊಂದು ಕಟ್ಟಿಗೂ ಒಂದೊಂದು ಪೇಸ್ಟ್ ಮಾಡಿದ್ರಾ?"

"ಇಲ್ಲ. ಎಲ್ಲ ಕಟಿಂಗ್ ಮುಗಿಸಿ ಆಮೇಲೆ ತಾನೇ ಅಂಟಿಸೋದು?"

"ಸರ್, ಕಂಪ್ಯೂಟರಿಗೆ ಒಂದೇ ಕೈ ಇರೋದು. ಎರಡನೇದು ಹಿಡ್ಕೊಂಡ್ರೆ ಮೊದಲನೇದು ಬಿದ್ದುಹೋಗುತ್ತೆ. ಸೇವ್ ಮಾಡಿದ್ರಾ?"

"ಮಾಡಿದೆ. ಆಗಾಗ ಮಾಡಿ ಅಂದಿದ್ರಲ್ಲ."

"ಅಯ್ಯೋ. ಮುಚ್ಚಿದ್ರಾ? ಸಾಫ್ಟ್‌ವೇರ್ ಮುಚ್ಚಿ ತೆಗೆದ್ರಾ?"

"ಇಲ್ಲ. ಹಾಗೇ ಇದೆ. ಆದ್ರೆ ಕರೆಂಟಿಲ್ಲ. ಬ್ಯಾಟರಿ ಹದಿಮೂರಿದೆ."

"ಹಾಗಾದ್ರೆ ಬೇಗ ಕೇಳಿ. ಚಿಂದಿ ಉಳ್ಕೊಂಡಿದೆಯಲ್ಲ, ಆ ಮೊದಲನೇ ಫೈಲ್ ಮುಂದೆ ತನ್ನಿ. ಎಡಗಡೆ ಕೆಳಗೆ ಕಂಟ್ರೋಲ್ ಅನ್ನೋ ಕೀ ಇದೆ. ಒತ್ತಿ ಹಿಡ್ಕೊಂಡು Z ಒಂದೇ ಒಂದು ಸಲ ಒತ್ತಿ. ಅದು ಮಾಡಿದ್ದನ್ನ ಹಿಂದಕ್ಕೆ ತಗೊಳ್ಳೋದು. ಏನಾಯ್ತು?"

ಸಪಾಟು ಗೆರೆಯ ಮಧ್ಯೆ ಜಾಗ ಬಿಟ್ಟುಕೊಂಡು ಒಂದು ಉಬ್ಬು ಎದ್ದಿತು.

"ಬಂತು," ಎಂದ. "ಏನೋ ಬಂತು."

"ಅದು ನಿಮ್ಮ ಕೊನೇ ಕಟ್. ಹೊಲಿಗೆ ಬಿಚ್ಚೋ ಹಾಗೆ ಹಿಂದಿಂದ ಬಿಚ್ಕೊಂಡು ಹೋಗಿ. ಎಣಿಸ್ಕೊಂಡು ಒತ್ತಿ, ಅವಸರ ಬೇಡ."

ಅವಸರ ಬೇಡವಂತೆ. ಬ್ಯಾಟರಿ ಹನ್ನೊಂದು. ಅವನು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ಒತ್ತಿದ. ಬೇಡ ಬಂತು. ಬೇಕು ಬಂತು. ನೀರು, ಕಿಟಕಿ ತೆಗೀರಿ, ನೋವಾಗ್ತಿದೆ. ಒಂದೊಂದೂ ಸತ್ತಲ್ಲಿಂದ ಎದ್ದು ತನ್ನ ಜಾಗದಲ್ಲಿ ಬಂದು ಕೂರುತ್ತಿತ್ತು. ಅಂಗೈ ಬೆವರು ಕೀಲಿಯ ಮೇಲೆ ಅಂಟುತ್ತಿತ್ತು. ಹತ್ತು ಮಾತು ಬಂದವು. ಹದಿನೈದು. ಇನ್ನೇನು ತೋಳು ಕಾಲರು ಮುಗಿದು ಎದೆಯ ತುಂಡು ಬರಬೇಕು. ಹದಿನೆಂಟು, ಹತ್ತೊಂಬತ್ತು. ಇಪ್ಪತ್ತಕ್ಕೆ "ಯಾರು ಬಂದ್ರು" ಬಂತು. ಪಟ್ಟಿಯಲ್ಲಿ ಅದು ಮೇಲಿನಿಂದ ಐದನೆಯದು. ಮೇಲೆ ಉಳಿದದ್ದು ಅವನು ಕೈ ಚುರುಕಾಗಿದ್ದಾಗ ಕತ್ತರಿಸಿದ ನಾಲ್ಕು.

ಒತ್ತಿದ. ಠಕ್ ಎಂದು ಸದ್ದು. ಏನೂ ಬರಲಿಲ್ಲ. ಮತ್ತೆ ಒತ್ತಿದ. ಠಕ್.

"ಮೇಡಂ, ನಿಂತುಬಿಡ್ತು."

"ಎಷ್ಟಕ್ಕೆ?"

"ಇಪ್ಪತ್ತಕ್ಕೆ."

"ಇನ್ನೊಂದ್ಸಲ ಒತ್ತಿ ನೋಡಿ."

ಠಕ್.

"ಸರ್," ಎಂದಳು ಟೀಚರ್, ದನಿ ತಗ್ಗಿಸಿ, "ಕೆಲವು ಸಾಫ್ಟ್‌ವೇರ್ ಇಪ್ಪತ್ತು ಹೆಜ್ಜೆ ಮಾತ್ರ ನೆನಪಿಟ್ಕೊಳ್ಳುತ್ತೆ. ಅದರ ಹಿಂದಿಂದು ಅದಕ್ಕೂ ಗೊತ್ತಿರಲ್ಲ. ಉಳಿದ ನಾಲ್ಕು ಯಾವುದು?"

ಅವನು ಪಟ್ಟಿಯ ತಲೆಯ ನಾಲ್ಕು ಸಾಲಿನ ಮೇಲೆ ಅಂಗೈ ಮುಚ್ಚಿದ.

"ಇರ್ಲಿ, ಆಮೇಲೆ ನೋಡೋಣ. ಈಗ ಇರೋದನ್ನ ಉಳಿಸ್ಕೊಳ್ಳಿ. ಬೇರೆ ಹೆಸರು ಕೊಟ್ಟು ಸೇವ್ ಮಾಡಿ. ಬ್ಯಾಟರಿ ಎಷ್ಟು?"

"ಐದು."

ಹೆಸರು ಕೇಳುವ ಸಣ್ಣ ಚೌಕ ತೆರೆಯಿತು. ಹೆಂಡತಿಯ ಹೆಸರು ಹೊಡೆಯಲು ಹೋದ. ಮೊದಲ ಅಕ್ಷರ ಸಿಕ್ಕಿತು, ಎರಡನೆಯದು ಎಲ್ಲಿದೆಯೋ ಕಾಣಲಿಲ್ಲ. ಮೂವತ್ತೊಂದು ವರ್ಷ ಕರೆದ ಹೆಸರಿನ ಎರಡನೇ ಅಕ್ಷರ. ಬ್ಯಾಟರಿ ನಾಲ್ಕು. ಸಿಕ್ಕಿದ ಒಂದೇ ಅಕ್ಷರವನ್ನು ನಾಲ್ಕು ಸಲ ಒತ್ತಿ ಸೇವ್ ಎಂದ. ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳತೊಡಗಿತು. ಮುಕ್ಕಾಲು ಹೋಯಿತು. ಇನ್ನೂ ಸ್ವಲ್ಪ ಹೋಯಿತು. ಪರದೆ ಕಪ್ಪಾಯಿತು. ಬೆರಳು ತಾಗಿಸಿದ. ಈ ಸಲ ಬೆಳಕು ಬರಲಿಲ್ಲ.

"ಆಯ್ತಾ ಸರ್? ಸರ್?"

"ಗೊತ್ತಿಲ್ಲ," ಎಂದು ಫೋನ್ ಇಟ್ಟ.

ಮುಗಿಯಿತೋ ಉಳಿಯಿತೋ ಎನ್ನುವುದು ಕರೆಂಟ್ ಬಂದ ಮೇಲೆ. ಕರೆಂಟ್ ಯಾವಾಗ ಎನ್ನುವುದು ಯಾರಿಗೂ ಗೊತ್ತಿಲ್ಲ. ಒಳಗೆ ಲೋಟ ಮೂರನೆಯ ಸಲ ಬಡಿಯಿತು. ಈ ಸಲ ಟೈಲರ್ ಎದ್ದ. ನೀರಿಗೆ ಬಿದ್ದ ಮೇಲೆ ಚಳಿಯೇನು ಎಂದು ನಾವು ಸುಲಭವಾಗಿ ಹೇಳುತ್ತೇವೆ. ಅವನಿಗೆ ಆ ಪರದೆ ಸರಿಸುವುದು ಗೋಡೆ ಸರಿಸಿದಷ್ಟು ಭಾರವಾಗಿತ್ತು.

ಅವಳು ದಿಂಬಿಗೊರಗಿ ಕೂತಿದ್ದಳು. ಕಾಲ ಬಳಿ ಅಕ್ಕ ಹಣ್ಣು ಹೆಚ್ಚುತ್ತಿದ್ದಳು. ಸ್ಲೇಟಿನಲ್ಲಿ ಆಗಲೇ ಬರೆದಿತ್ತು: ಏನಾಯ್ತು?

"ಬಾಯಿ ಬಿಡಿ ಸಾಹೇಬ್ರೇ," ಎಂದಳು ಅಕ್ಕ. "ಹಿಂಡಿದ ಬಟ್ಟೆ ಹಾಗಿದೆ ಮುಖ."

ಟೈಲರ್ ನಿಂತುಕೊಂಡೇ ಹೇಳಿದ. ಕಟಿಂಗ್ ಎಲ್ಲ ಮೊದಲೇ ಮಾಡಿದ್ದು, ಒಂದೇ ಕೈ ಇರುವುದು, ಹಿಂದಕ್ಕೆ ಬಿಚ್ಚಿದ್ದು, ಇಪ್ಪತ್ತಕ್ಕೆ ನಿಂತದ್ದು, ಆ ಇಪ್ಪತ್ತಾದರೂ ಉಳಿಯಿತೋ ಇಲ್ಲವೋ ತಿಳಿಯದ್ದು. ಯಾರ ಮೇಲೂ ಹಾಕಲಿಲ್ಲ, ಕರೆಂಟಿನ ಮೇಲೂ ಹಾಕಲಿಲ್ಲ. ಅಕ್ಕನ ಚಾಕು ಹಣ್ಣಿನಲ್ಲೇ ನಿಂತಿತು.

"ಕಾಪಿ ಮಾಡಿ ಅಂದಿದ್ರಂತಲ್ಲ ಆ ಟೀಚರು," ಎಂದಳು. "ನನಗೇ ಹೇಳಿದ್ರು ಫೋನಲ್ಲಿ. ನಿಮಗೆ ಹೇಳ್ಲಿಲ್ವಾ?"

"ಹೇಳಿದ್ರು."

"ಮತ್ತೆ?"

"ನನಗೆ ಗೊತ್ತಿದೆ ಅಂದ್ಕೊಂಡೆ."

ಹೆಂಡತಿ ಸ್ಲೇಟು ಒರೆಸಿ ಬರೆದಳು: ಯಾವ ನಾಲ್ಕು?

ಅವನು ಬೆರಳು ಮಡಿಸುತ್ತ ಹೇಳಿದ. ಪುಟ್ಟಕ್ಕಾ ಬಾರೇ. ಹೋಗ್ರೀ ಅತ್ಲಾಗೆ. ಕೇಳಿಸ್ತಾ. ಮೂರು ಹೇಳುವಾಗ ಅವಳ ಮುಖ ಕಲ್ಲಿನ ಹಾಗೆ ಇತ್ತು. ನಾಲ್ಕನೆಯ ಬೆರಳು ಮಡಿಸಿ, "ನಗು," ಎಂದ.

ಅವಳು ತಲೆ ತಗ್ಗಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಭುಜ ಅಲುಗಿತು. ಆಮೇಲೆ ಎರಡೂ ಭುಜ ಜೋರಾಗಿ ಅಲುಗತೊಡಗಿದವು. ಕೊರಳವಸ್ತ್ರ ಒಳಕ್ಕೆ ಹೊರಕ್ಕೆ ಫಡಫಡ ಹಾರಿತು, ರಂಧ್ರದಿಂದ ಉಸಿರು ಸುಯ್ ಸುಯ್ ಎಂದು ನುಗ್ಗಿತು. ದನಿ ಮಾತ್ರ ಇಲ್ಲ. ಕಣ್ಣಿನಿಂದ ನೀರು ಇಳಿದು ಸ್ಲೇಟಿನ ಮೇಲೆ ಬಿತ್ತು.

ಟೈಲರ್ ಹೆದರಿದ. ಅಂದು ಬೆಳಿಗ್ಗೆಯಿಂದ ಹೆದರಿದ್ದೆಲ್ಲ ಒಂದು ತೂಕ, ಇದೊಂದು ತೂಕ. ಅಳುತ್ತಿದ್ದಾಳೋ, ನಗುತ್ತಿದ್ದಾಳೋ, ಉಸಿರು ಕಟ್ಟಿದೆಯೋ? ಮೂವತ್ತೊಂದು ವರ್ಷ ಅವನು ಅದನ್ನೆಲ್ಲ ಪರದೆಯ ಈಚೆಯಿಂದ ಕಿವಿಯಲ್ಲೇ ತಿಳಿದುಕೊಂಡಿದ್ದವನು. ಈಗ ಒಂದು ಅಡಿ ದೂರದಲ್ಲಿ ನಿಂತರೂ ತಿಳಿಯುತ್ತಿಲ್ಲ. "ಅಕ್ಕಾ," ಎಂದ. ಅಕ್ಕನಿಗೂ ತಿಳಿದಿರಲಿಲ್ಲ; ಚಾಕು ಹಿಡಿದುಕೊಂಡೇ ತಂಗಿಯ ಮುಖ, ಅವಳ ಗಂಡನ ಮುಖ ನೋಡುತ್ತಿದ್ದಳು.

ಟೈಲರ್ ಮಂಡಿಯೂರಿ ನೆಲದ ಮೇಲೆ ಕೂತ. ಅವಳ ಗದ್ದ ಹಿಡಿದು ಮೆಲ್ಲಗೆ ಮೇಲೆತ್ತಿದ. ಮದುವೆಯಾದ ಹೊಸತರಲ್ಲಿ ಬಿಟ್ಟರೆ ಅಷ್ಟು ಹತ್ತಿರದಿಂದ ಆ ಮುಖವನ್ನು ನೋಡಿದ್ದೇ ಇಲ್ಲ ಎಂದು ನನಗೆ ಹೇಳಿದ. ಹಣೆ ನೋಡಿದ, ತುಟಿಯ ಕೊನೆ ನೋಡಿದ. ಬಟ್ಟೆಯ ನೇಯ್ಗೆ ಬೆಳಕಿಗೆ ಹಿಡಿದು ಪರೀಕ್ಷಿಸುವವನ ಹಾಗೆ ನೋಡಿದ. ಆದರೂ ಖಚಿತವಾಗಲಿಲ್ಲ.

ಅವಳು ಅವನ ಕೈ ಸರಿಸಿ, ಒದ್ದೆ ಸ್ಲೇಟನ್ನು ಸೆರಗಿನಿಂದ ಒರೆಸಿ ಬರೆದಳು. ಅಕ್ಷರ ಸೊಟ್ಟಗಿತ್ತು.

ನಗ್ತಿದೀನಿ. ಮೊದಲು ಅಳ್ತಿದ್ದೆ.

ಅದರ ಕೆಳಗೆ ಇನ್ನೊಂದು ಸಾಲು ಬರೆದಳು.

ಆ ನಾಲ್ಕು ಖಾಲಿ ಬಿಡಿ. ನನ್ನ ಮುಖ ನೋಡಿ ತಿಳ್ಕೊಳ್ಳಿ.

ಮೂರೂವರೆಗೆ ಕರೆಂಟ್ ಬಂತು. ಇಪ್ಪತ್ತೂ ಉಳಿದಿದ್ದವು. ಮಾರನೆಯ ದಿನ ಪೆನ್‌ಡ್ರೈವ್ ಹಿಡಿದು ಕಂಪ್ಯೂಟರ್ ರಿಪೇರಿಯವನ ಹತ್ತಿರ ಹೋದ. ಅವನು ಎರಡು ದಿನ ಒದ್ದಾಡಿ, ಹಳೆಯದರ ಮೇಲೇ ಸೇವ್ ಮಾಡಿಬಿಟ್ಟಿದ್ದೀರಿ ಎಂದು ಕೈಚೆಲ್ಲಿದ. ಸೋಮವಾರ ಪೆಟ್ಟಿಗೆ ಬಂತು. ಕೆಳಗಿನ ಸಾಲಿನ ನಾಲ್ಕು ಗುಂಡಿಯ ಮೇಲೆ ಏನೂ ಬರೆದಿಲ್ಲ. ಬೇರೇನಾದರೂ ತುಂಬಿಸಿ ಎಂದು ಟೀಚರ್ ಹೇಳಿದರೂ ಅವಳು ಒಪ್ಪಲಿಲ್ಲ.

ಟೈಲರ್ ಹೊಲಿಗೆ ಯಂತ್ರದ ಜಾಗ ಬದಲಿಸಿದ್ದಾನೆ. ನಡುವಿನ ಪರದೆ ತೆಗೆದು ಮಂಚಕ್ಕೆ ಮುಖ ಮಾಡಿ ಕೂರುತ್ತಾನೆ, ಬೀದಿಗೆ ಬೆನ್ನು. ಗಿರಾಕಿ ಬಂದು ನಿಂತರೆ ಗೊತ್ತಾಗುವುದಿಲ್ಲ, ಕೆಮ್ಮಬೇಕು. ಅವಳ ಭುಜ ಅಲುಗಿದರೆ ಹೊಲಿಗೆ ನಿಲ್ಲಿಸಿ ಮುಖ ನೋಡುತ್ತಾನೆ. ಹತ್ತರಲ್ಲಿ ಎಂಟು ಸಲ ಸರಿಯಾಗಿ ಹೇಳುತ್ತಾನಂತೆ. ಉಳಿದ ಎರಡು ಸಲ ಇನ್ನೂ ಅದೇ ಭಯ. ಅವಳು ಸ್ಲೇಟು ಎತ್ತುವವರೆಗೆ ಉಸಿರು ಬಿಡುವುದಿಲ್ಲ.

ಇಷ್ಟೇ. ಈಗ ನೀವು ಮಾಡಬೇಕಾದ್ದು ಒಂದಿದೆ. ಯಾರ ದನಿಯನ್ನಾದರೂ ಕತ್ತರಿಸಲು ಕೂತವರು ನಿಮಗೆ ಗೊತ್ತಿದ್ದರೆ, ಮೊದಲು ಅದಕ್ಕೊಂದು ನಕಲು ಮಾಡಿ ಬೇರೆ ಕಡೆ ಎತ್ತಿಡಲು ಹೇಳಿ, ಆಮೇಲೆ ಫೋನಿನಲ್ಲಿ ತುಂಬಿಸಿಕೊಂಡಿರುವ ಈ ಕಥೆ ಕಳಿಸಿ. ಉದ್ದವಾಯಿತೆಂದು ನಡುವೆ ಕತ್ತರಿಸಿ ಕಳಿಸಬೇಡಿ. ಪೂರ್ತಿ ಕಳಿಸಿ.